ರಿಮೋಟ್ ಇಲ್ಲದ ವಿಮಾನ

ನನಗೆ ಈ ಹುಚ್ಚು ಹತ್ತಿದ್ದು ಎನ್‌ಸಿಸಿ ಏರ್ ವಿಂಗ್‌ನಲ್ಲಿ. ಅಲ್ಲಿ ಏರೋಮಾಡೆಲಿಂಗ್, ಅಂದರೆ ಪುಟ್ಟ ಮಾಡೆಲ್ ವಿಮಾನ ಕಟ್ಟಿ ಹಾರಿಸುವುದನ್ನು ಕಲಿಸುತ್ತಾರೆ. ಆಮೇಲೆ ತಂತಿ ಹಿಡಿದು ಸುತ್ತ ಹಾರಿಸುವ ಕಂಟ್ರೋಲ್ ಲೈನ್, ರಿಮೋಟ್‌ನಿಂದ ಹಾರಿಸುವ ರೇಡಿಯೋ ಕಂಟ್ರೋಲ್ ಎಲ್ಲಾ ಹಾರಿಸಿದೆ. 1951ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಮಾಡೆಲ್ ಕೂಡ ಮಾಡಿದೆ. ಈಗ ಮತ್ತೆ ಎಂಜಿನ್ನೂ ರಿಮೋಟೂ ಇಲ್ಲದ ಸಾದಾ ಗ್ಲೈಡರ್‌ಗೇ ಬಂದಿದ್ದೇನೆ. ಕೈಯಲ್ಲಿ ರಿಮೋಟ್ ಇದ್ದರೆ ಕಟ್ಟುವಾಗಿನ ಓರೆಕೋರೆಯನ್ನು ಹಾರಿಸುವವನು ಸರಿದೂಗಿಸಿಬಿಡುತ್ತಾನೆ. ಗ್ಲೈಡರ್ ಹತ್ತಿರ ಆ ಆಟ ನಡೆಯಲ್ಲ.

ಅರ್ಧ ಕೆಲಸ ಮರ ಆರಿಸುವುದರಲ್ಲೇ ಇದೆ. ಮಾಡೆಲ್ ಕಟ್ಟುವ ಹಗುರ ಮರ ಬಾಲ್ಸಾ ಹೆಚ್ಚಾಗಿ ಬರುವುದು ಈಕ್ವೆಡಾರ್‌ನಿಂದ. ಒಂದೇ ಅಳತೆಯ ಎರಡು ಶೀಟ್‌ಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಮೂಲೆಯಲ್ಲಿ ಪೆನ್ಸಿಲ್‌ನಿಂದ ಗ್ರಾಂ ಬರೆದಿಡುತ್ತೇನೆ. ಗಟ್ಟಿ ಮರ ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ), ತೀರಾ ಹಗುರದ್ದು ಬಾಲಕ್ಕೆ. ಬಾಲದಲ್ಲಿ ಒಂದು ಗ್ರಾಂ ಜಾಸ್ತಿಯಾದರೆ ಮೂಗಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಸೇರಿಸಬೇಕು.

ಪ್ಲಾನ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್‌ಗಳನ್ನು ಗುಂಡುಪಿನ್ನಿನಿಂದ ಹಿಡಿದು ರೆಕ್ಕೆ ಕಟ್ಟುತ್ತೇನೆ. ಮೇಲೆ ತೆಳು ಟಿಶ್ಯೂ ಕಾಗದ ಅಂಟಿಸಿ, ನೀರು ಚಿಮುಕಿಸಿ, ಒಣಗಿದ ಮೇಲೆ ಡೋಪ್ ಎಂಬ ವಾರ್ನಿಷ್ ಬಳಿಯುವುದು. ಡೋಪ್ ಒಣಗುವಾಗ ಟಿಶ್ಯೂ ಬಿಗಿಯಾಗಿ, ರೆಕ್ಕೆಯನ್ನೇ ತಿರುಚಿಬಿಡುತ್ತದೆ. ಅದಕ್ಕೇ ರಾತ್ರಿಯಿಡೀ ಹಲಗೆಗೆ ಪಿನ್ ಮಾಡಿಟ್ಟಿರಬೇಕು. ವಾಸನೆಗೆ ಮನೆಯವರ ಬೈಗುಳ ಖಾತ್ರಿ, ಹಾಗಾಗಿ ನನ್ನ ಡೋಪ್ ಕೆಲಸವೆಲ್ಲ ಟೆರೇಸ್ ಮೇಲೆ.

ನಿಜವಾದ ಮಜಾ ಟ್ರಿಮ್ ಮಾಡುವುದರಲ್ಲಿ, ಅಂದರೆ ಹಾರಿಸಿ ನೋಡಿ ಹದಕ್ಕೆ ತರುವುದರಲ್ಲಿ. ಬೆಂಗಳೂರಿನಲ್ಲಿ ಎಚ್‌ಎಎಲ್, ಜಕ್ಕೂರು, ಯಲಹಂಕ, ಎತ್ತ ಹೋದರೂ ನಿಜವಾದ ವಿಮಾನಗಳ ಕಾಟ! ಊರಾಚೆಯ ಹುಲ್ಲುಗಾವಲೇ ವಾಸಿ. ಗಾಳಿ ಏಳುವ ಮುಂಚೆ, ಬೆಳಗಿನ ಜಾವ ಹೋಗುತ್ತೇನೆ. ತೂಕದ ನಡುಬಿಂದು, ಅಂದರೆ ಸಿಜಿ, ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಮೂರನೇ ಒಂದರ ಆಸುಪಾಸು ಇರಲಿ. ಭುಜದ ಎತ್ತರದಿಂದ, ಮೂಗು ಚೂರು ಕೆಳಗೆ ಮಾಡಿ, ಮೆಲ್ಲಗೆ ತಳ್ಳಿಬಿಡಿ. ಜೋರಾಗಿ ಎಸೆದರೆ ಏನೂ ತಿಳಿಯಲ್ಲ. ಮೇಲೇರಿ, ತಡೆದು, ಮುಗ್ಗರಿಸಿದರೆ ಮೂಗಿಗೆ ಒಂದು ಚಿಟಿಕೆ ಕ್ಲೇ. ಸೀದಾ ನೆಲಕ್ಕೆ ನುಗ್ಗಿದರೆ ಸ್ವಲ್ಪ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬಾಲದ ನೆಟ್ಟಗಿನ ರೆಕ್ಕೆ, ಅಂದರೆ ರಡ್ಡರ್‌ನ ತುದಿಯನ್ನು ಕೂದಲೆಳೆಯಷ್ಟು ಬಗ್ಗಿಸಿದರೆ ದೊಡ್ಡ ಸುತ್ತು ಹಾಕುತ್ತಾ ಇಳಿಯುತ್ತದೆ.

ಚೆನ್ನಾಗಿ ಟ್ರಿಮ್ ಆದದ್ದು ಬಿಸಿಲೇರಿದ ಮೇಲೆ ಥರ್ಮಲ್‌ಗೆ, ಅಂದರೆ ಮೇಲೇರುವ ಬಿಸಿಗಾಳಿಗೆ ಸಿಕ್ಕರೆ ಮುಗಿಯಿತು, ಹದ್ದಿನ ಜೊತೆ ಹೋಗಿಬಿಡುತ್ತದೆ. ಅದಕ್ಕೆ ಡಿಥರ್ಮಲೈಸರ್ ಬೇಕು: ಟೈಮರ್ ಬಿಟ್ಟುಕೊಂಡಾಗ ಬಾಲ ಮೇಲಕ್ಕೆದ್ದು, ಗ್ಲೈಡರ್ ಬೇಗ ಕೆಳಗಿಳಿಯುತ್ತದೆ. ಆದರೂ ರೆಕ್ಕೆ ಮೇಲೆ ಫೋನ್ ನಂಬರ್ ಬರೆದಿರಿ. ಯಾರದೋ ರಾಗಿ ಹೊಲದಲ್ಲಿ ಬಿದ್ದರೆ ಫೋನಾದರೂ ಬರುತ್ತದೆ, ಅಲ್ವಾ?