ಡೀಸೆಲ್ ಬರ್ನರ್ ಲೈನಿಗೆ ಗಾಳಿ ನುಗ್ಗುವುದು ಥ್ರೆಡ್‌ನಲ್ಲಿ: ಬಿಎಸ್‌ಪಿ (ಬ್ರಿಟಿಷ್), ಎನ್‌ಪಿಟಿ (ಅಮೆರಿಕನ್) ಪೈಪ್ ಥ್ರೆಡ್ ಬೆರಕೆಯ ಬಗ್ಗೆ ನನ್ನ ಅನುಭವ

ಬೇಕರಿಯ ರೋಟರಿ ಓವನ್ ಇರಲಿ, ಲಾಂಡ್ರಿಯ ಸಣ್ಣ ಬಾಯ್ಲರ್ ಇರಲಿ, ಡೀಸೆಲ್ ಬರ್ನರ್ ಬೆಳಗಿನ ಮೊದಲ ಸ್ಟಾರ್ಟ್‌ಗೇ ಲಾಕ್‌ಔಟ್ ಆಗತೊಡಗಿದರೆ (ಹೊತ್ತಿಕೊಳ್ಳದೆ ತಾನೇ ನಿಂತುಬಿಟ್ಟರೆ) ಎಲ್ಲರೂ ಮೊದಲು ನಾಝಲ್ (ಡೀಸೆಲ್ ಸಿಂಪಡಿಸುವ ಮೂತಿ) ಬದಲಿಸುತ್ತಾರೆ, ಆಮೇಲೆ ಹೋಸ್, ಕೊನೆಗೆ ಪಂಪು. ಪೀಣ್ಯದ ಕಡೆಯ ಒಂದು ಓವನ್‌ಗೆ ಈ ಮೂರೂ ಆಗಿ, ನನ್ನ ನೆನಪಿನ ಪ್ರಕಾರ ಇಪ್ಪತ್ತೈದು ಸಾವಿರ ದಾಟಿತ್ತು. ಲಾಕ್‌ಔಟ್ ಮಾತ್ರ ಹಾಗೇ ಇತ್ತು. ಟ್ಯಾಂಕಿನಿಂದ ಪಂಪಿನವರೆಗೆ ಪ್ರತಿ ಜಾಯಿಂಟ್ ಬಿಚ್ಚಿ ಥ್ರೆಡ್ (ತಿರುಪಿನ ಹಲ್ಲು) ಅಳೆಯಬೇಕು ಎಂದು ನಾನು ಹೇಳಿದಾಗ ಅಲ್ಲಿನ ಫಿಟರ್ ಒಪ್ಪಲಿಲ್ಲ: "ಒಂದು ತೊಟ್ಟು ಡೀಸೆಲ್ ಸೋರಿಲ್ಲ ಸಾರ್, ಜಾಯಿಂಟ್ ಎಲ್ಲಾ ಸರಿಯಾಗೇ ಇದೆ." ಇದೇ ಮಾತನ್ನು ಬೇರೆ ಕಡೆಯೂ ಕೇಳಿದ್ದೇನೆ. ಜಾಯಿಂಟುಗಳನ್ನು ಸರಿಮಾಡಿದ ಮೇಲೆ ಆ ಓವನ್ ಈಗ ವರ್ಷದ ಮೇಲಾಯಿತು, ರೀಸೆಟ್ ಬಟನ್ ಮುಟ್ಟಿಸಿಕೊಂಡಿಲ್ಲ. ನನಗೆ ತಗುಲಿದ ಸಾಮಾನಿನ ಖರ್ಚು ಎರಡೂವರೆ ಸಾವಿರದ ಆಸುಪಾಸು.

ಸೋರದ ಜಾಯಿಂಟ್ ಸರಿ ಇದೆ ಅನ್ನುವ ಲೆಕ್ಕ ನೀರಿನ ಲೈನಿಗೆ ಸರಿ, ಪಂಪು ಒತ್ತಿ ಕಳಿಸುವ ಡೆಲಿವರಿ ಲೈನಿಗೂ ಸರಿ. ಪಂಪು ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಕ್ಷನ್ ಲೈನಿಗೆ ಅದು ನಡೆಯುವುದಿಲ್ಲ. ಟ್ಯಾಂಕು ಪಂಪಿಗಿಂತ ಕೆಳಗಿದ್ದರೆ ಲೈನಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆ. ಸಂದಿ ಇದ್ದಲ್ಲಿ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿಯಿಡೀ ಗಾಳಿ ಸೇರಿ ಲೈನಿನ ಡೀಸೆಲ್ ಟ್ಯಾಂಕಿಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಪಂಪು ಎಳೆದು ತುಂಬಿಸುವಷ್ಟರಲ್ಲಿ ಕಂಟ್ರೋಲ್ ಬಾಕ್ಸ್ ಕೊಡುವ ಸೇಫ್ಟಿ ಟೈಮ್ (ಜ್ವಾಲೆ ಹೊತ್ತಲು ಇರುವ ಗಡುವು) ಮುಗಿದಿರುತ್ತದೆ. ಗೇಜಿನ ಮುಳ್ಳು ನಡುಗುವುದು, ಪಂಪು ಕೂಗುವುದು, ಬರ್ನರ್ ನಿಂತ ಮೇಲೂ ಒಂದೆರಡು ಸೆಕೆಂಡ್ ಜ್ವಾಲೆ ಎಳೆಯುವುದು, ಇವೆಲ್ಲ ಅದರದೇ ಗುರುತು.

ಗಾಳಿ ನುಗ್ಗಲು ಕಾರಣ ನಮ್ಮ ಲೈನುಗಳಲ್ಲಿನ ಬೆರಕೆ. ಇಟಲಿಯ ಬರ್ನರ್ ಪಂಪಿನಲ್ಲಿ ಸಾಮಾನ್ಯವಾಗಿ ಜಿ 1/4, ಅಂದರೆ ಸಮಾನಾಂತರ (ಉದ್ದಕ್ಕೂ ಒಂದೇ ದಪ್ಪದ) ಬಿಎಸ್‌ಪಿ. ಹಾರ್ಡ್‌ವೇರ್ ಅಂಗಡಿಯ ನಿಪ್ಪಲ್, ಎಲ್ಬೋ ಭಾರತೀಯ ಮಾನಕ ಐಎಸ್ 554ರ ಟೇಪರ್ (ತುದಿಗೆ ಕಿರಿದಾಗುವ) ಬಿಎಸ್‌ಪಿ. ಇನ್‌ಸ್ಟ್ರುಮೆಂಟೇಶನ್ ಅಂಗಡಿಯಿಂದ ತಂದ ಸ್ಟೇನ್‌ಲೆಸ್ ಬಾಲ್ ವಾಲ್ವ್, ಸೊಲೆನಾಯ್ಡ್ (ವಿದ್ಯುತ್ ವಾಲ್ವ್) ಹೆಚ್ಚಾಗಿ ಎನ್‌ಪಿಟಿ. ಫಿಲ್ಟರ್ ಬೇಕೆಂದು ಟ್ರ್ಯಾಕ್ಟರ್ ಫಿಲ್ಟರ್ ಹೆಡ್ ಕೂರಿಸಿದ್ದರೆ ಅಲ್ಲಿ ಬಹುತೇಕ ಮೆಟ್ರಿಕ್ ಎಂ14×1.5 ಬ್ಯಾಂಜೊ (ಟೊಳ್ಳು ಬೋಲ್ಟ್ ತೂರಿಸುವ ಬಳೆಯಂಥ ಜೋಡಣೆ). ನಾಲ್ಕೂ ಕಾಲಿಂಚಿನವೇ ಎಂದು ಕಣ್ಣಿಗೆ ಕಾಣುತ್ತವೆ, ನಾಲ್ಕೂ ಒಂದೆರಡು ಸುತ್ತು ಹೋಗುತ್ತವೆ, ಮಿಕ್ಕದ್ದನ್ನು ಥ್ರೆಡ್‌ಗೆ ಸುತ್ತುವ ಟೇಪ್ ನೋಡಿಕೊಳ್ಳಲಿ ಎಂದು ಬಿಡುತ್ತಾರೆ.

ಬಿಎಸ್‌ಪಿ ಹಲ್ಲಿನ ಕೋನ 55 ಡಿಗ್ರಿ, ತುದಿ ಮತ್ತು ಬುಡ ದುಂಡಗೆ. ಎನ್‌ಪಿಟಿ 60 ಡಿಗ್ರಿ, ತುದಿ ಚಪ್ಪಟೆ. 1/8 ಇಂಚಿನ ಅಳತೆಯಲ್ಲಿ ಬಿಎಸ್‌ಪಿಗೆ ಪ್ರತಿ ಇಂಚಿಗೆ 28 ಥ್ರೆಡ್, ಎನ್‌ಪಿಟಿಗೆ 27. ಕಾಲಿಂಚು ಮತ್ತು 3/8ಕ್ಕೆ 19 ಹಾಗೂ 18. ಅರ್ಧ, ಮುಕ್ಕಾಲಿಗೆ ಎರಡೂ 14. ಒಂದಿಂಚಿಗೆ 11 ಮತ್ತು 11.5. ಕಾಲಿಂಚಿನ ಬೆರಕೆ ಎರಡು ಮೂರು ಸುತ್ತಿಗೆ ಕಚ್ಚಿಕೊಂಡು ಕೈಗೆ ಸುಳಿವು ಕೊಡುತ್ತದೆ. ಅರ್ಧ, ಮುಕ್ಕಾಲಿಂಚು ಕೊಡುವುದಿಲ್ಲ: ಪಿಚ್ (ಹಲ್ಲಿನಿಂದ ಹಲ್ಲಿಗೆ ಇರುವ ಅಂತರ) ಒಂದೇ ಆದ್ದರಿಂದ ಸಲೀಸಾಗಿ ಹೋಗಿ ಬಿಗಿಯಾಗಿ ಕೂರುತ್ತದೆ. ಕೋನ ಬೇರೆ ಆದ್ದರಿಂದ ಥ್ರೆಡ್‌ನ ಉದ್ದಕ್ಕೂ ಸುರುಳಿಯಂತೆ ಸಣ್ಣ ದಾರಿ ಉಳಿಯುತ್ತದೆ. ಟೇಪ್ ಅದನ್ನು ಕೆಲ ದಿನ ಮುಚ್ಚುತ್ತದೆ. ಓವನ್ ಕಾದು ತಣಿದು, ಕಾದು ತಣಿದು, ಬರ್ನರ್ ನಡುಗಿ ನಡುಗಿ ಮತ್ತೆ ತೆರೆದುಕೊಳ್ಳುತ್ತದೆ. ಅದಕ್ಕೇ "ಹೋದ ತಿಂಗಳಷ್ಟೇ ಟೇಪ್ ಹಾಕಿದ್ದೆ" ಅನ್ನುವ ಜಾಯಿಂಟನ್ನೇ ನಾನು ಮೊದಲು ಬಿಚ್ಚುವುದು.

ಗುರುತಿಸಲು ವರ್ನಿಯರ್ ಒಂದನ್ನೇ ನಂಬಬೇಡಿ, ಟೇಪರ್ ಮೇಲೆ ಅದು ಹಿಡಿದಲ್ಲಿ ಒಂದೊಂದು ಅಳತೆ ತೋರಿಸುತ್ತದೆ. ಕಾಲಿಂಚಿನ ಬಿಎಸ್‌ಪಿ ಹೊರವ್ಯಾಸ 13.2 ಮಿಮೀ ಹತ್ತಿರ, ಎನ್‌ಪಿಟಿ 13.6-13.7. ಸವೆದ ಫಿಟ್ಟಿಂಗಿನಲ್ಲಿ ಈ ವ್ಯತ್ಯಾಸ ಮಾಯವಾಗುತ್ತದೆ. ನನ್ನ ಕೀ ಗೊಂಚಲಿನಲ್ಲಿ ಖಚಿತ ಬಿಎಸ್‌ಪಿ ಪ್ಲಗ್ ಒಂದು, ಖಚಿತ ಎನ್‌ಪಿಟಿ ಪ್ಲಗ್ ಒಂದು ಸದಾ ಇರುತ್ತವೆ. ಅನುಮಾನದ ನಿಪ್ಪಲನ್ನು ಪ್ಲಗ್‌ಗೆ ಪಕ್ಕಕ್ಕೆ ಪಕ್ಕ ಒತ್ತಿ, ಹಲ್ಲು ಹಲ್ಲಿನೊಳಗೆ ಕೂರಿಸಿ ಟ್ಯೂಬ್‌ಲೈಟ್ ಕಡೆ ಹಿಡಿಯುತ್ತೇನೆ. ಜೋಡಿ ಸರಿಯಿದ್ದರೆ ಬೆಳಕು ತೂರುವುದಿಲ್ಲ. ತಪ್ಪಿದ್ದರೆ ಮೂರನೆಯ ನಾಲ್ಕನೆಯ ಹಲ್ಲಿಗೆ ಬೆಳಕಿನ ಗೆರೆ ಕಾಣುತ್ತದೆ. ಕಾಲಿಂಚಿನಲ್ಲಿ ಆರು ಪಿಚ್ ಅಳೆದರೆ ಬಿಎಸ್‌ಪಿಯಲ್ಲಿ 8 ಮಿಮೀ, ಎನ್‌ಪಿಟಿಯಲ್ಲಿ ಸುಮಾರು ಎಂಟೂವರೆ. 1/8 ಬಿಎಸ್‌ಪಿ ಮತ್ತು ಎಂ10×1 ಇನ್ನೂ ಮೋಸದ ಜೋಡಿ, ಅಲ್ಲಿ ಪಿಚ್ ಗೇಜ್ ಇಲ್ಲದೆ ಮುಂದುವರಿಯಬೇಡಿ.

ಲೇತ್‌ನಲ್ಲಿ ಮಾಡಿಸಿದ ಅಡಾಪ್ಟರ್ ಬಗ್ಗೆ ಒಂದು ಮಾತು. ಟರ್ನರ್ ಬಳಿ ಮೆಟ್ರಿಕ್‌ಗೆ ಮಸೆದ 60 ಡಿಗ್ರಿ ಟೂಲ್ ಸದಾ ಸಿದ್ಧ ಇರುತ್ತದೆ. ಅದರಲ್ಲೇ 19 ಟಿಪಿಐ (ಇಂಚಿಗೆ 19 ಥ್ರೆಡ್) ಹಾಕಿಕೊಟ್ಟರೆ ಪಿಚ್ ಗೇಜ್‌ಗೂ ಹೆಚ್ಚುಕಡಿಮೆ ಕೂರುತ್ತದೆ, ಜಾಯಿಂಟಿಗೂ ಕೂರುತ್ತದೆ, ಗಾಳಿ ಮಾತ್ರ ಎಳೆಯುತ್ತದೆ. 55 ಡಿಗ್ರಿ ಟೂಲ್ ಮಸೆಸಿ, ಕೊನೆಯ ಪಾಸ್ ಬಿಎಸ್‌ಪಿ ಡೈನಲ್ಲಿ ತೆಗೆಸಿ. ಕೂಲಿ ಮೂವತ್ತು ನಲವತ್ತು ರೂಪಾಯಿ ಹೆಚ್ಚಾಗಬಹುದು, ಕೊಡಿ.

ನನ್ನ ಕ್ರಮ ಇಷ್ಟೆ: ಪ್ರತಿ ಜಾಯಿಂಟಿನಲ್ಲಿ ಸೀಲ್ ಎಲ್ಲಿ ಆಗುತ್ತದೆ ಎಂದು ಮೊದಲು ತೀರ್ಮಾನಿಸಿ ಅಲ್ಲಿ ಮಾತ್ರ ಸೀಲ್ ಮಾಡುವುದು. ಜಿ ಥ್ರೆಡ್‌ನಲ್ಲಿ ಥ್ರೆಡ್ ಬರೀ ಹಿಡಿಯುತ್ತದೆ, ಸೀಲ್ ಆಗುವುದು ಮುಖದಲ್ಲಿ. ಅಲ್ಲಿ ಬಾಂಡೆಡ್ ಸೀಲ್ (ಡೌಟಿ ವಾಷರ್, ಲೋಹದ ಬಳೆಗೆ ರಬ್ಬರ್ ಅಂಟಿಸಿದ್ದು) ಅಥವಾ ತಾಮ್ರದ ವಾಷರ್. ಹಳೆಯ ತಾಮ್ರದ ವಾಷರ್ ಬಿಟ್ಟರೆ ಬೇರೆ ಇಲ್ಲದಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತದೆ. ಪೋರ್ಟಿನ ಮುಖದಲ್ಲಿ ಹಳೆಯ ಗೀರು ಇದ್ದರೆ ಬಾಂಡೆಡ್ ಸೀಲೇ ಒಳ್ಳೆಯದು. ಟೇಪರ್‌ಗೆ ಟೇಪರ್ ಸೇರುವಲ್ಲಿ ಅನೇರೋಬಿಕ್ ಸೀಲಂಟ್ (ಗಾಳಿ ತಾಗದ ಕಡೆ ಗಟ್ಟಿಯಾಗುವ ಅಂಟು), ನಾನು ಬಳಸುವುದು ಲಾಕ್‌ಟೈಟ್ 577. ಕಾಲಿಂಚಿಗೆ ಕೈಬಿಗಿಯ ಮೇಲೆ ಒಂದೂವರೆಯಿಂದ ಎರಡು ಸುತ್ತು. ಮೊದಲ ಎರಡು ಹಲ್ಲು ಖಾಲಿ ಬಿಡಿ, ಒಳಗೆ ಇಳಿದದ್ದು ನಾಝಲ್‌ವರೆಗೂ ಹೋಗುತ್ತದೆ.

ಟೇಪರ್ ನಿಪ್ಪಲನ್ನು ಪಂಪಿನ ಜಿ ಪೋರ್ಟಿಗೆ ಟೇಪ್ ಸುತ್ತಿ ತುರುಕುವುದು ನಾನು ಕಂಡ ಅತಿ ದುಬಾರಿ ಅಭ್ಯಾಸ. ಟೇಪರ್ ಬೆಣೆಯಾಗಿ ಪಂಪ್ ಬಾಡಿಯನ್ನು ಸೀಳುತ್ತದೆ. ಟೇಪ್ ಜಾರುವುದರಿಂದ ಎಷ್ಟು ಬಿಗಿಸಿದ್ದೇವೆ ಎಂದು ಕೈಗೂ ತಿಳಿಯುವುದಿಲ್ಲ. ಚೂರಾದ ಟೇಪ್ ಪಂಪಿನ ಜಾಳಿಗೆ ಮತ್ತು ನಾಝಲ್‌ನ ಸಣ್ಣ ದಾರಿಗೆ ಸಿಕ್ಕಿ ಜ್ವಾಲೆ ಒಂದು ಕಡೆಗೆ ವಾಲುತ್ತದೆ. ಬಿರುಕು ಬಿಟ್ಟ ಪಂಪಿಗೆ ಹತ್ತು ಸಾವಿರದ ಮೇಲೇ, ವಾಷರ್‌ಗೆ ಇಪ್ಪತ್ತು ರೂಪಾಯಿ.

ಹಳೆಯ ಅಮೆರಿಕನ್ ಬರ್ನರ್ ಸಿಕ್ಕರೆ ಪಂಪಿನಲ್ಲಿ ಎನ್‌ಪಿಟಿ ಇರುತ್ತದೆ. ಅಂಥ ಕಡೆ ಎನ್‌ಪಿಟಿಯಿಂದ ಬಿಎಸ್‌ಪಿಗೆ ಒಂದೇ ಜಾಗದಲ್ಲಿ, ಒಂದೇ ಹಿತ್ತಾಳೆ ಅಡಾಪ್ಟರ್‌ನಲ್ಲಿ ದಾಟಿಬಿಡಿ. ಬುಷ್ (ಅಳತೆ ಬದಲಿಸುವ ತುಂಡು) ಮೇಲೆ ಬುಷ್ ಪೇರಿಸಿದರೆ ಪ್ರತಿ ಬುಷ್ಷೂ ಇನ್ನೊಂದು ಸಂದಿ.

ಫ್ಲೇರ್ ನಟ್‌ಗೂ (ತುದಿ ಅಗಲಿಸಿದ ಪೈಪನ್ನು ಹಿಡಿಯುವ ನಟ್) ಟೇಪ್ ಸುತ್ತಿದ್ದನ್ನು ನೋಡಿದ್ದೇನೆ. ಅಲ್ಲಿ ಸೀಲ್ ಆಗುವುದು ಕೋನ್‌ನಲ್ಲಿ. ಫ್ರಿಜ್ ಸಾಮಾನಿನ ಅಂಗಡಿಯ ಫ್ಲೇರ್ 45 ಡಿಗ್ರಿ, ಹೈಡ್ರಾಲಿಕ್ ಅಂಗಡಿಯ ಜೆಐಸಿ ಎಂಬ ಫ್ಲೇರ್ 37. ಕಾಲಿಂಚಿನಲ್ಲಿ ಎರಡರ ಥ್ರೆಡ್ಡೂ 7/16-20, ಆದ್ದರಿಂದ ಒಂದಕ್ಕೊಂದು ಹತ್ತುತ್ತವೆ, ಕೋನ್ ಮಾತ್ರ ಒಂದು ಗೆರೆಯಲ್ಲಷ್ಟೇ ತಾಗುತ್ತದೆ. ಹಾಗೆಯೇ 3/8 ಇಂಚಿನ ತಾಮ್ರದ ಪೈಪು 9.5 ಮಿಮೀ. ಅದರ ಮೇಲೆ 10 ಮಿಮೀ ಫೆರೂಲ್ (ಪೈಪಿಗೆ ಹಿಂಡಿ ಕೂರುವ ಬಳೆ) ಎಷ್ಟು ಬಿಗಿಸಿದರೂ ಗಾಳಿ ನಿಲ್ಲುವುದಿಲ್ಲ. ಜಿಐ (ಸತು ಲೇಪಿಸಿದ) ಪೈಪು ಈ ಲೈನಿಗೆ ಬೇಡವೇ ಬೇಡ, ಸತು ಡೀಸೆಲ್‌ನೊಂದಿಗೆ ಸೇರಿ ಜಿಡ್ಡು ಕಟ್ಟುತ್ತದೆ.

ಪರೀಕ್ಷೆ ಬಿಡಬೇಡಿ. ಪಂಪಿನ ವ್ಯಾಕ್ಯೂಮ್ ಪೋರ್ಟ್ (ಸಾಮಾನ್ಯವಾಗಿ ಜಿ 1/8) ಮೇಲೆ ಗೇಜ್ ಹಾಕಿ ಓಡಿಸಿ. ಡೀಸೆಲ್ ಒಂದು ಮೀಟರ್ ಏರಲು ಸುಮಾರು 6 ಸೆಂಮೀ ಪಾದರಸ ಬೇಕು. ಒಂದೂವರೆ ಮೀಟರ್ ಕೆಳಗೆ ಟ್ಯಾಂಕಿದ್ದು ಗೇಜ್ ಮೂರು ನಾಲ್ಕು ತೋರಿಸಿದರೆ ಲೈನು ಗಾಳಿ ಕುಡಿಯುತ್ತಿದೆ. 30 ದಾಟಿದರೆ ಫಿಲ್ಟರ್ ಕಟ್ಟಿದೆ ಇಲ್ಲವೇ ಪೈಪು ಸಣ್ಣದಾಯಿತು, ಅಲ್ಲಿಂದ ಮೇಲೆ ಡೀಸೆಲ್‌ನೊಳಗಿನ ಅನಿಲವೇ ಬಿಡುಗಡೆಯಾಗತೊಡಗುತ್ತದೆ. ಆಮೇಲೆ ಲೈನು ಖಾಲಿ ಮಾಡಿ, ಟ್ಯಾಂಕಿನ ತುದಿ ಮುಚ್ಚಿ, ಬ್ರೇಕ್ ಬ್ಲೀಡ್ ಮಾಡುವ ಕೈ ವ್ಯಾಕ್ಯೂಮ್ ಪಂಪಿನಿಂದ 50 ಸೆಂಮೀವರೆಗೆ ಎಳೆದು ಹದಿನೈದು ನಿಮಿಷ ಬಿಡಿ. ಮುಳ್ಳು ಇಳಿದರೆ ಲೈನನ್ನು ಅರ್ಧ ಮಾಡಿ ಮತ್ತೆ ಎಳೆಯಿರಿ. ಜಾಯಿಂಟಿನ ಸುತ್ತ ಗಟ್ಟಿ ಗ್ರೀಸ್ ಮೆತ್ತಿದ ತಕ್ಷಣ ಮುಳ್ಳು ನಿಂತರೆ ಕಳ್ಳ ಅಲ್ಲೇ ಸಿಕ್ಕ.

ಸೋಪು ನೀರು ಹಾಕಿ, ಗಾಳಿ ತುಂಬಿ ಪರೀಕ್ಷಿಸಿಯೂ ನೋಡಿದೆ. ಒತ್ತಡದಲ್ಲಿ ಗುಳ್ಳೆಯೇ ಬಾರದ ಬಾಲ್ ವಾಲ್ವಿನ ಸ್ಪಿಂಡಲ್ ವ್ಯಾಕ್ಯೂಮ್‌ನಲ್ಲಿ ಗಾಳಿ ಎಳೆಯಿತು. ಡಿಏರೇಟರ್ ಹಾಕಿಯೂ ನೋಡಿದೆ. ಸಣ್ಣ ಗಾಳಿಯನ್ನು ಬೇರ್ಪಡಿಸುತ್ತದೆ, ಆದರೆ ಜಾಯಿಂಟ್ ಕೆಟ್ಟಿದ್ದು ಗೊತ್ತೇ ಆಗದಂತೆ ಮಾಡುತ್ತದೆ. ಜಾಯಿಂಟ್ ಸರಿಮಾಡಿದ ಮೇಲೆ ಹಾಕುವುದಾದರೆ ನನ್ನ ಅಡ್ಡಿಯಿಲ್ಲ. ಡೀಸೆಲ್ ಡ್ರಮ್ಮನ್ನು ಪಂಪಿಗಿಂತ ಎತ್ತರಕ್ಕಿಡಿ ಎಂಬ ಸಲಹೆ ಮಾತ್ರ ಒಪ್ಪಲಾರೆ: ಗಾಳಿ ಎಳೆಯುತ್ತಿದ್ದ ಸಂದಿ ಆಗ ಓವನ್ ಪಕ್ಕದಲ್ಲೇ ಡೀಸೆಲ್ ಸುರಿಸುತ್ತದೆ.

ಅನೇರೋಬಿಕ್ ಹಿತ್ತಾಳೆಯ ಮೇಲೆ ಬೇಗ ಗಟ್ಟಿಯಾಗುತ್ತದೆ, ಸ್ಟೇನ್‌ಲೆಸ್ ಮೇಲೆ ತಡ. ಎಣ್ಣೆಯಿದ್ದರೆ ಎಲ್ಲೂ ಸರಿಯಾಗಿ ಹಿಡಿಯುವುದಿಲ್ಲ. ಅಸಿಟೋನ್‌ನಿಂದ ಒರೆಸಿ, ಒಂದು ರಾತ್ರಿ ಬಿಟ್ಟು ಡೀಸೆಲ್ ಬಿಡಿ. ಆಕ್ಟಿವೇಟರ್ (ಅಂಟನ್ನು ಬೇಗ ಗಟ್ಟಿಯಾಗಿಸುವ ದ್ರವ) ಇಲ್ಲದೆ ಸ್ಟೇನ್‌ಲೆಸ್ ಮೇಲೆ ಬೇಗ ಹಿಡಿಸುವ ನನ್ನದೊಂದು ವಿಧಾನವಿದೆ, ಅದು ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯಲಾರೆ.

ಲೈನು ಮುಗಿಸಿ ಸ್ವಿಚ್ ಹಾಕುವ ಮೊದಲು ಪಂಪಿನ ಬೈಪಾಸ್ ಪ್ಲಗ್ (ಮಿಕ್ಕ ಡೀಸೆಲ್ ಪಂಪಿನೊಳಗೇ ಹಿಂದಿರುಗುವ ದಾರಿ ಮುಚ್ಚುವ ಸ್ಕ್ರೂ) ನೋಡಿ. ಎರಡು ಪೈಪಿನ (ಟ್ಯಾಂಕಿಗೆ ರಿಟರ್ನ್ ಇರುವ) ಲೈನಿಗೆ ಅದು ಒಳಗಿರಬೇಕು, ಒಂದೇ ಪೈಪಾದರೆ ತೆಗೆದಿರಬೇಕು. ಪ್ಲಗ್ ಒಳಗಿದ್ದು ರಿಟರ್ನ್ ಮುಚ್ಚಿದ್ದರೆ ಮೊದಲ ಸ್ಟಾರ್ಟ್‌ಗೇ ಶಾಫ್ಟ್ ಸೀಲ್ ಹಾರುತ್ತದೆ. ಹಿಂದೆ ಟೇಪ್ ಸುತ್ತಿದ್ದ ಲೈನಾದರೆ ಪಂಪಿನ ಜಾಳಿ ಬಿಚ್ಚಿ ಚೂರುಗಳನ್ನು ತೆಗೆಯಿರಿ, ನಾಝಲ್ ಹೊಸದು ಹಾಕಿ. ಪಿನ್ನಿನಿಂದ ಕೆದಕಿದ ನಾಝಲ್ ಮತ್ತೆ ಸರಿಯಾಗಿ ಸಿಂಪಡಿಸುವುದಿಲ್ಲ.