ಶುಗರ್ ಆರೈಕೆ ಎಲ್ಲಿ ತಪ್ಪುತ್ತಿದೆ? ಹೀಗೆ ಹುಡುಕಿ
ಏನು ಮಾಡಬೇಕು ಅನ್ನೋದು ಶುಗರ್ ಇರುವ ಎಷ್ಟೋ ಜನರಿಗೆ ಗೊತ್ತೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಅಳತೆಯ ಊಟ, ವಾರಕ್ಕೆ 150 ನಿಮಿಷ ಚುರುಕು ನಡಿಗೆ, ದಿನಾ ಪಾದ ನೋಡಿಕೊಳ್ಳುವುದು. ಆದರೂ ತಪ್ಪುತ್ತದೆ. ಅದನ್ನು ಸೋಮಾರಿತನ ಅಂದುಕೊಂಡು ನಿಮ್ಮನ್ನೇ ಬೈದುಕೊಳ್ಳಬೇಡಿ. ಅಡ್ಡಿ ಎಲ್ಲಿದೆ ನೋಡಿ.

ಮೊದಲು ಒಂದು ವಾರ ಬರೆದಿಡಿ. ಶುಗರ್ ಎಷ್ಟಿತ್ತು ಅಂತ ಮಾತ್ರ ಅಲ್ಲ, ಏನು ತಪ್ಪಿತು, ಆಗ ನೀವು ಎಲ್ಲಿದ್ದಿರಿ ಅಂತಲೂ ಬರೆಯಿರಿ. 'ಮಧ್ಯಾಹ್ನದ ಮಾತ್ರೆ ಬಿಟ್ಟುಹೋಯಿತು, ಅದು ಮನೆಯಲ್ಲಿತ್ತು, ನಾನು ಕೆಲಸದಲ್ಲಿದ್ದೆ' ಅಂತ ಬರೆದರೆ ಉತ್ತರ ಅಲ್ಲೇ ಇದೆ ಅಲ್ವಾ? ಮಾತ್ರೆಯ ಒಂದು ಸ್ಟ್ರಿಪ್ ಬ್ಯಾಗಿನಲ್ಲೇ ಇರಲಿ. ಬೆರಳು ಚುಚ್ಚಲು ನೋವು ಅಂತ ಪರೀಕ್ಷೆ ಬಿಡುತ್ತಿದ್ದರೆ ತುದಿಯ ನಡುವೆ ಬೇಡ, ಪಕ್ಕಕ್ಕೆ ಚುಚ್ಚಿ. ಪ್ರತಿ ಸಲ ಹೊಸ ಸೂಜಿ, ಬೇರೆ ಬೆರಳು.

ಆಮೇಲೆ ಭಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಮ್ಮೆ ಲೋ ಶುಗರ್ ಆಗಿ ಕೈ ನಡುಗಿ, ಬೆವರಿ, ಕಣ್ಣು ಮಂಜಾದವರು ಅದು ಇನ್ನೊಮ್ಮೆ ಬರುವುದೇ ಬೇಡ ಅಂತ ಇನ್ಸುಲಿನ್ ಕಡಿಮೆ ಹಾಕಿಕೊಳ್ಳುತ್ತಾರೆ, ಇಲ್ಲವೇ ಮಲಗುವ ಮುಂಚೆ ಜಾಸ್ತಿ ತಿನ್ನುತ್ತಾರೆ. ಹೊರಗಿನಿಂದ ನೋಡುವವರಿಗೆ ಅದು ಬೇಜವಾಬ್ದಾರಿ ಅನಿಸುತ್ತದೆ. ಧೈರ್ಯ ಹೇಳಿದರೆ ಸಾಲದು, ಕೈಯಲ್ಲಿ ಉಪಾಯ ಇರಬೇಕು. ಶುಗರ್ ಮೀಟರ್ 70ಕ್ಕಿಂತ (mg/dL) ಕೆಳಗೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಗ್ಲೂಕೋಸ್ ಜೇಬಿನಲ್ಲಿರಲಿ, ಹಾಸಿಗೆ ಪಕ್ಕದಲ್ಲೂ ಇರಲಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಮನೆಯವರಿಗೆ ಈಗಲೇ ಹೇಳಿಡಿ.

ಮನೆಯವರ ವಿಷಯ ಬಂತು. ತಟ್ಟೆಯ ಮೇಲೆ ಕಾವಲು ಕೂತರೆ ಆ ಮನುಷ್ಯ ಕದ್ದು ತಿನ್ನುತ್ತಾನೆ, ಅಷ್ಟೇ. ಅದರ ಬದಲು ಮನೆಯವರಿಗೆ ಒಂದು ಕೆಲಸ ವಹಿಸಿ: ರಾತ್ರಿ ಮಲಗುವಾಗ ಅಂಗಾಲು ನೋಡುವುದು. ಶುಗರ್ ನಿಂದ ಸ್ಪರ್ಶ ಕಡಿಮೆಯಾದ ಪಾದಕ್ಕೆ ಕಲ್ಲು ಚುಚ್ಚಿದ್ದೂ ತಿಳಿಯುವುದಿಲ್ಲ. ಯಾರೂ ಇಲ್ಲದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೀವೇ ನೋಡಿಕೊಳ್ಳಿ.

ಕೊನೆಗೆ, ಆ ವಾರದ ಚೀಟಿಯನ್ನು ಡಾಕ್ಟರ ಮುಂದೆ ಇಡಿ. ಬಿಟ್ಟ ಮಾತ್ರೆಯನ್ನು ಮುಚ್ಚಿಟ್ಟರೆ, ಔಷಧಿ ಸಾಲುತ್ತಿಲ್ಲ ಅಂದುಕೊಂಡು ಅವರು ಡೋಸ್ ಏರಿಸಿಬಿಡಬಹುದು. ಹೇಗೂ ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಹಿಂದಿನ ಸುಮಾರು 3 ತಿಂಗಳ ಶುಗರ್ ಸರಾಸರಿ ತೋರಿಸುತ್ತದೆ. ಖರ್ಚು ಭಾರವಾದರೆ ಅದನ್ನೂ ಹೇಳಿ, ಕಡಿಮೆ ಬೆಲೆಯ ಔಷಧಿ ಇರಬಹುದು. ರಜೆಯೇ ಇಲ್ಲದ ಈ ಕೆಲಸದಿಂದ ಮನಸ್ಸು ಬೇಸತ್ತಿದ್ದರೆ ಅದನ್ನೂ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.