ಮುತ್ತಜ್ಜಿಯ ಹುಟ್ಟಿನಿಂದ ಶುರುಮಾಡಬೇಡಿ: ನಾಲ್ಕು ತಲೆಮಾರಿನ ಕಾದಂಬರಿ, ನನ್ನ ಅನುಭವ

ಮುತ್ತಜ್ಜಿ ಹುಟ್ಟಿದಲ್ಲಿಂದ ಹಿಡಿದು ಮರಿಮಗಳ ತನಕ ನೇರ ಬರೀಬೇಕು, ಇಲ್ಲದಿದ್ದರೆ ಓದುಗರು ದಿಕ್ಕು ತಪ್ಪುತ್ತಾರೆ ಅಂತ ಹಸ್ತಪ್ರತಿ ನೋಡಿದವರೆಲ್ಲ ಹೇಳಿದ್ದರು. ಹಾಗೇ ಬರೆದ ಮೊದಲ ಪ್ರತಿ 27 ಫಾರಂ (ಅಚ್ಚಿನ ಲೆಕ್ಕ, ಹದಿನಾರು ಪುಟಕ್ಕೆ ಒಂದು) ಆಯಿತು, ಸುಮಾರು 430 ಪುಟ. ಮುತ್ತಜ್ಜಿಗೆ 160, ಅಜ್ಜಿಗೆ 130, ಅಮ್ಮನಿಗೆ 90, ಕೊನೆಯವಳಿಗೆ ಉಳಿದದ್ದು 50. ಒಬ್ಬಳು ಸತ್ತ ಕೂಡಲೇ ಇನ್ನೊಬ್ಬಳ ಬಾಲ್ಯ ಶುರು. ಓದುವವರು ಮೂರು ಸಲ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ಯಾರಿಗೆ ಅಷ್ಟು ತಾಳ್ಮೆ?

ಕೊನೆಗೆ ಕೈಹಿಡಿದದ್ದು ವಯಸ್ಸಿನ ಪಟ್ಟಿ. ಅಡ್ಡಕ್ಕೆ ನಾಲ್ವರು, ಉದ್ದಕ್ಕೆ ಇಸವಿ, ಪ್ರತಿ ಚೌಕದಲ್ಲಿ ಆ ವರ್ಷದ ವಯಸ್ಸು. ನನ್ನವರು ಹುಟ್ಟಿದ್ದು 1908, 1925, 1947, 1974ರಲ್ಲಿ. ಮುತ್ತಜ್ಜಿ ತೀರಿಕೊಳ್ಳುವುದು 1983ರಲ್ಲಿ, 75ಕ್ಕೆ. ಅಂದರೆ ನಾಲ್ವರೂ ಒಟ್ಟಿಗೆ ಬದುಕಿರುವುದು ಬರೀ 9 ವರ್ಷ. ಅದರಲ್ಲೂ ಮಕ್ಕಳ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವಯಸ್ಸಿಗಿಂತ ಹಿಂದೆ ಹೋಗುವುದಿಲ್ಲ. ಹಾಗಾಗಿ ಮರಿಮಗಳಿಗೆ ಮುತ್ತಜ್ಜಿ ಸ್ವಂತ ನೆನಪಾಗಿ ಸಿಗುವುದು ಐದಾರು ವರ್ಷ ಮಾತ್ರ. ಈ ಲೆಕ್ಕ ಹಾಕದೆ ಎರಡು ವರ್ಷದ ಮಗು ಮುತ್ತಜ್ಜಿಯ ಸೀರೆಯ ಬಣ್ಣ ನೆನಪಿಟ್ಟುಕೊಂಡಿತ್ತು ಅಂತ ನಾನೂ ಬರೆದಿದ್ದೆ, ಹರಿದು ಹಾಕಿದೆ.

ನಾಲ್ವರಲ್ಲಿ ಆಗುವುದು ಆರು ಜೋಡಿ. ಕಾದಂಬರಿಯನ್ನು ಹೆಂಗಸರ ಲೆಕ್ಕದಲ್ಲಿ ಬಿಟ್ಟು ಜೋಡಿಗಳ ಲೆಕ್ಕದಲ್ಲಿ ಕಟ್ಟಿದೆ. ಇಬ್ಬರಾದರೂ ಒಂದೇ ಕೋಣೆಯಲ್ಲಿಲ್ಲದ ದೃಶ್ಯ ಬೇಡ, ಅಷ್ಟೇ ನಿಯಮ. ಮುತ್ತಜ್ಜಿ-ಮರಿಮಗಳಿಗೆ ಎರಡು ದೃಶ್ಯ, ಮಿಕ್ಕ ಜೋಡಿಗಳಿಗೆ ನಾಲ್ಕೈದು, ನಾಲ್ವರೂ ಸೇರಿದ್ದು ಮೂರು. ಒಟ್ಟು 28ರ ಆಸುಪಾಸು. ಮುತ್ತಜ್ಜಿಯ ಹರೆಯ ಬೇಕಾದರೆ ಅದು ಮೊಮ್ಮಗಳ ಎದುರು ಅವಳ ಬಾಯಿಂದಲೇ ಬರಬೇಕು. ವಯಸ್ಸಾದವರಿಗೆ ಹೆಚ್ಚು ನೆನಪಿರುವುದು ಹತ್ತರಿಂದ ಮೂವತ್ತರ ನಡುವಿನ ಕಾಲ. ಅವಳ ಕತೆಗಳನ್ನೆಲ್ಲ ಅಲ್ಲಿಂದಲೇ ತೆಗೆದೆ. ನಲವತ್ತೈದರ ಕತೆ ಮಗಳ ಬಾಯಿಗೆ ಹೋಯಿತು, ಸ್ವಲ್ಪ ದೂರಿನ ಧಾಟಿಯಲ್ಲಿ. ದೃಶ್ಯಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ. ಇಸವಿಯ ಕ್ರಮವಂತೂ ಅಲ್ಲ, ವಯಸ್ಸಿನ ಪಟ್ಟಿಯನ್ನು ಓರೆಯಾಗಿ ಓದಿದವರಿಗೆ ಹೊಳೆಯುತ್ತದೆ.

ಮದುವೆ, ಹೆರಿಗೆ, ಸಾವು ಸೇರಿ ಮೊದಲ ಪ್ರತಿಯಲ್ಲಿ ಹನ್ನೊಂದು ದೃಶ್ಯ ಇದ್ದವು. ಅವು ಪುಟ ತಿನ್ನುತ್ತವೆ, ಎಲ್ಲರ ಬದುಕನ್ನೂ ಒಂದೇ ಅಚ್ಚಿಗೆ ಸುರಿಯುತ್ತವೆ. ಮೂರು ಉಳಿಸಿಕೊಂಡೆ. ಮಿಕ್ಕವು ಅಧ್ಯಾಯಗಳ ಸಂದಿಯಲ್ಲಿ ನಡೆದುಹೋದವು.

ಎಲ್ಲರೂ ಎಡವುವುದು ಮೂರನೆಯವಳಲ್ಲಿ. ಒಬ್ಬಳ ಮಗಳು, ಇನ್ನೊಬ್ಬಳ ತಾಯಿ, ತನ್ನದೇ ಅಂತ ಏನೂ ಇಲ್ಲ. ಎರಡನೇ ಪ್ರತಿಯಲ್ಲಿ ಅವಳ ದೃಶ್ಯಗಳನ್ನೇ ಮೊದಲು ಬರೆದೆ, ಅವಳ ಕೆಲಸ, ಸಾಲ, ಸಿಟ್ಟು ಗಟ್ಟಿಯಾದ ಮೇಲೆ ಹಿಂದಿನವರಿಗೂ ಮುಂದಿನವಳಿಗೂ ಕೈಹಾಕಿದೆ.

ಈಗ ಕನ್ನಡದ್ದೇ ಆದ ತಲೆನೋವು. ಒಬ್ಬಳೇ ಹೆಂಗಸು ಒಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತೆ, ಮತ್ತೊಬ್ಬರಿಗೆ ಅಜ್ಜಿ. ನಿರೂಪಣೆಯಲ್ಲೂ ‘ಅಜ್ಜಿ’ ಅಂದರೆ ಯಾವ ಅಜ್ಜಿ? ನಿರೂಪಣೆಗೆ ಬರಿಯ ಹೆಸರು, ಮಾತಿಗೆ ಮಾತ್ರ ಸಂಬಂಧವಾಚಕ ಅಂತ ಇಟ್ಟುಕೊಂಡೆ. ಹೆಸರುಗಳ ಮೊದಲಕ್ಷರ ಬೇರೆ, ಉದ್ದವೂ ಬೇರೆ. ಶಾರದಾ, ಶಾಂತಾ, ಶಾಲಿನಿ ಅಂತ ಇಟ್ಟರೆ ನಲವತ್ತನೇ ಪುಟಕ್ಕೆ ಓದುಗರು ಕೈಬಿಡುತ್ತಾರೆ.

ಅದಕ್ಕಿಂತ ದೊಡ್ಡದು ‘ಬಂದಳು’, ‘ಬಂದರು’. ಹನ್ನೆರಡರ ಹುಡುಗಿ ‘ಬಂದಳು’. ಎಪ್ಪತ್ತಕ್ಕೆ ‘ಬಂದರು’ ಆಗಬೇಕೇ? ಆಗಬೇಕಾದರೆ ಯಾವ ಪುಟದಲ್ಲಿ? ವಯಸ್ಸಿಗೆ ತಕ್ಕಂತೆ ಬದಲಿಸಿ ನೋಡಿದೆ, ಒಬ್ಬಳೇ ಇಬ್ಬರಂತೆ ಕಂಡಳು. ಎಲ್ಲರಿಗೂ ಬಹುವಚನ ಹಾಕಿದರೆ ಸನ್ಮಾನಪತ್ರ ಓದಿದ ಹಾಗಾಯಿತು. ಕೊನೆಗೆ ಗೌರವ ರೂಪವನ್ನು ದೃಶ್ಯ ಯಾರ ಕಣ್ಣಿನಿಂದ ಕಾಣುತ್ತಿದೆಯೋ ಅವಳಿಗೆ ಕಟ್ಟಿಹಾಕಿದೆ: ತಾಯಿ ‘ಅವಳು’, ಅತ್ತೆ ‘ಅವರು’. ಇಡೀ ಪುಸ್ತಕದಲ್ಲಿ ಒಂದೇ ಕಡೆ, ಜಗಳವಾದ ಮಾರನೇ ದಿನ, ಮಗಳ ಕಣ್ಣಲ್ಲಿ ತಾಯಿ ‘ಅವರು’ ಆಗುತ್ತಾಳೆ. ವಿವರಣೆ ಕೊಟ್ಟಿಲ್ಲ. ಕರಡು ಓದಿದ ಐವರಲ್ಲಿ ಮೂವರು ಆ ಸಾಲಿಗೇ ಗೆರೆ ಎಳೆದಿದ್ದರು. ಅಷ್ಟರ ಮಟ್ಟಿಗೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಇದಕ್ಕೆ ತೆತ್ತ ಹಣವೂ ಕಡಿಮೆಯಲ್ಲ. ಡಿಟಿಪಿ, ಅಂದರೆ ಅಚ್ಚಿಗಾಗಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ, ಮುಗಿದ ಮೇಲೆ ಈ ಬುದ್ಧಿ ಬಂದದ್ದು. ಕ್ರಿಯಾಪದದ ಕೊನೆಯನ್ನು ಕಂಪ್ಯೂಟರಿನಲ್ಲಿ ಒಟ್ಟಿಗೆ ಹುಡುಕಿ ಬದಲಿಸಲು ಆಗುವುದಿಲ್ಲ, ‘ಬಂದಳು’ ಬೇರೆಯವರದ್ದೂ ಇರುತ್ತದೆ. ಸಾಲು ಸಾಲಾಗಿ ಮೂರು ಸುತ್ತು ತಿದ್ದುಪಡಿ. ಅದರ ಬಿಲ್ಲು ಮೊದಲ ಟೈಪಿಂಗಿನ ಅರ್ಧಕ್ಕಿಂತ ಹೆಚ್ಚಾಯಿತು, ಮುಂಗಡ ಗೌರವಧನದ ಮುಕ್ಕಾಲು ಪಾಲು ಅಲ್ಲಿಗೇ ಹೋಯಿತು. 27 ಫಾರಂ 18ಕ್ಕೆ ಇಳಿದದ್ದರಿಂದ ಕಾಗದದಲ್ಲಿ ಮೂರನೇ ಒಂದು ಉಳಿಯಿತು, ಆದರೆ ಅದು ಪ್ರಕಾಶಕರ ಜೇಬಿಗೆ.

ನಡುವೆ ಕೆಲವು ಪ್ರಯೋಗಗಳೂ ಆದವು. ಮುತ್ತಜ್ಜಿಯ ಮಾತನ್ನು ಪೂರ್ತಿ ಆಡುನುಡಿಯಲ್ಲಿ ಬರೆದೆ, ಓದಿದವರು ಹಾರಿಸಿಕೊಂಡು ಹೋದರು. ಹನ್ನೆರಡು ಪದ, ಕ್ರಿಯಾಪದದ ಬಾಲ, ಇಷ್ಟೇ ಉಳಿಸಿದೆ. ಆ ಹನ್ನೆರಡರಲ್ಲಿ ಒಂದನ್ನು ಕೊನೆಯವಳ ಬಾಯಿಗೆ ಒಂದೇ ಸಲ ಹಾಕಿದೆ. ಯಾವುದು ಅಂತ ಹೇಳುವುದಿಲ್ಲ. ಹೆಣ್ಣು ಭ್ರೂಣ ಹೊಟ್ಟೆಯಲ್ಲಿದ್ದಾಗಲೇ ಅದರ ಅಂಡಾಣುಗಳೆಲ್ಲ ರೂಪುಗೊಂಡಿರುತ್ತವೆ, ಹಾಗಾಗಿ ಮೊಮ್ಮಗಳ ಅರ್ಧ ಅಜ್ಜಿಯ ಗರ್ಭದಲ್ಲೇ ಇತ್ತು ಅನ್ನುವ ಮಾತು ಬಹಳ ಆಸೆ ಹುಟ್ಟಿಸಿತು. ಬರೆದೆ, ಭಾಷಣವಾಯಿತು, ತೆಗೆದೆ.

ಕೈಯಿಂದ ಕೈಗೆ ದಾಟುವ ವಸ್ತು ಬೇಕೆಂದರೆ ಪೆಟ್ಟಿಗೆ, ಒಡವೆ ಬೇಡ; ತೆರೆದು ಕಣ್ಣೀರು ಹಾಕುವುದು ಬಿಟ್ಟು ಅವುಗಳಿಂದ ಬೇರೇನೂ ಮಾಡಿಸಲಾಗದು. ನಾನು ಬಟ್ಟೆ ಕತ್ತರಿಸುವ ಕತ್ತರಿ ತೆಗೆದುಕೊಂಡೆ. ಸಾಣೆ ಹಿಡಿದಂತೆಲ್ಲ ಅಲಗು ಸವೆಯುತ್ತದೆ, ಕಾಲ ಸರಿದದ್ದು ತಾನಾಗಿಯೇ ಕಾಣುತ್ತದೆ. ಯಾವ ಇಸವಿಯಲ್ಲಿ ಯಾರ ಹತ್ತಿರ ಇತ್ತು ಅಂತ ವಯಸ್ಸಿನ ಪಟ್ಟಿಗೇ ಇನ್ನೊಂದು ಸಾಲು ಸೇರಿಸಿದೆ. ಕೊನೆಯವಳನ್ನು ಎಡಗೈಯವಳಾಗಿ ಮಾಡಿದೆ. ಬಲಗೈಗೆ ಮಾಡಿದ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬೆರಳ ಒತ್ತಡಕ್ಕೆ ಅಲಗುಗಳು ದೂರ ಸರಿಯುತ್ತವೆ; ಬಟ್ಟೆ ನಡುವೆ ಮಡಚಿಕೊಳ್ಳುತ್ತದೆಯೇ ಹೊರತು ಹರಿಯುವುದಿಲ್ಲ. ಅವಳು ಎರಡು ಸಲ ಪ್ರಯತ್ನಿಸಿ ಅದನ್ನು ಮೇಜಿನ ಮೇಲೆ ಇಡುತ್ತಾಳೆ.

ವಂಶವೃಕ್ಷವನ್ನು ಮೊದಲ ಪುಟದಲ್ಲೇ ಹಾಕಿ ಅಂತ ಪ್ರಕಾಶಕರು ಹಟ ಹಿಡಿದರು. ಯಾರು ಯಾವಾಗ ಸಾಯುತ್ತಾರೆ ಅಂತ ಮೊದಲೇ ಯಾಕೆ ಹೇಳಬೇಕು? ಸಾವಿನ ಇಸವಿ ತೆಗೆದು, ಹೆಸರು ಮಾತ್ರ ಉಳಿಸಿ, ಕೊನೆಯ ಫಾರಂನಲ್ಲಿ ಖಾಲಿ ಉಳಿದಿದ್ದ ಪುಟಕ್ಕೆ ಹಾಕಿಸಿದೆ.